ಗೆದ್ದಲು ಬಂದ ದಾರಿ

ಬಾಗಿಲಿನ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಕೆಳಗಿನಿಂದ ಮೇಲಕ್ಕೆ ಬನ್ನಿ. ಗಟ್ಟಿ ಮರವಾದರೆ ಉದ್ದಕ್ಕೂ ಒಂದೇ ದನಿ. ಗೆದ್ದಲು ತಿಂದಿದ್ದರೆ ಎಲ್ಲೋ ಒಂದು ಕಡೆ, ಹೆಚ್ಚಾಗಿ ನೆಲದಿಂದ ಒಂದೆರಡು ಗೇಣಿನೊಳಗೆ, ದನಿ ಟೊಳ್ಳಾಗುತ್ತದೆ. ಅಲ್ಲಿ ಬಣ್ಣ ಮಾಸಿರುವುದಿಲ್ಲ, ಬಿರುಕೂ ಕಾಣುವುದಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೆಲ್ಲಗೆ ಒತ್ತಿದರೆ ಮಾತ್ರ ಪೇಂಟಿನ ಪೊರೆ ಹರಿದು ತುದಿ ಸರಕ್ಕನೆ ಒಳಗಿಳಿಯುತ್ತದೆ. ಮರದ ಒಡಲನ್ನೆಲ್ಲ ತಿಂದು ತೇಗಿದ ಹುಳ ಮೇಲಿನ ತೆಳು ಪದರವನ್ನು ಮಾತ್ರ ಯಾಕೆ ಬಿಟ್ಟಿತು? ಮನೆಯಲ್ಲಿ ಗೆದ್ದಲು ಹುಡುಕುವ ವಿದ್ಯೆಯೆಲ್ಲ ಈ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಕೆಲಸಗಾರ ಗೆದ್ದಲಿಗೆ ಕಣ್ಣಿಲ್ಲ. ಅದರ ಚರ್ಮ ಎಷ್ಟು ತೆಳುವೆಂದರೆ ಹೊಟ್ಟೆಯೊಳಗಿನ ಆಹಾರ ಹೊರಗಿನಿಂದಲೇ ಕಾಣುತ್ತದೆ. ಇರುವೆಗಿರುವ ಗಟ್ಟಿ ಕವಚ ಅದಕ್ಕಿಲ್ಲ, ಹಾಗಾಗಿ ಒಣ ಗಾಳಿಗೆ ಬಿದ್ದರೆ ಮೈಯ ನೀರು ಬೇಗನೆ ಆರಿ ಸಾಯುತ್ತದೆ. ಅಷ್ಟರವರೆಗೂ ಇರುವೆಗಳು ಬಿಡುವುದಿಲ್ಲ. ಗೆದ್ದಲಿಗೆ ಇರುವೆಗಿಂತ ದೊಡ್ಡ ವೈರಿಯಿಲ್ಲ. ಬೆಳಕು, ಒಣ ಗಾಳಿ, ಇರುವೆ ಈ ಮೂರರಿಂದಲೂ ತಪ್ಪಿಸಿಕೊಳ್ಳಲು ಅದು ಸದಾ ಏನಾದರೊಂದರ ಮರೆಯಲ್ಲಿಯೇ ಬದುಕಬೇಕು. ಮರದ ಮೇಲ್ಪದರವನ್ನು ಬಿಡುವುದು ಅದಕ್ಕೇ. ಮರೆ ಸಿಗದ ಕಡೆ, ಅಂದರೆ ಗೋಡೆಯ ಮೇಲೋ ಕಲ್ಲಿನ ಮೇಲೋ ದಾಟಬೇಕಾದಾಗ, ಮಣ್ಣು, ಎಂಜಲು, ಮಲ ಬೆರೆಸಿ ಅದೇ ಒಂದು ಮರೆಯನ್ನು ಕಟ್ಟಿಕೊಳ್ಳುತ್ತದೆ. ಗೋಡೆಯ ಮೇಲೆ ನಾವು ಕಾಣುವ ಆ ಮಣ್ಣಿನ ಗೆರೆ ಹೀಗೆ ಕಟ್ಟಿಕೊಂಡ ಸುರಂಗ. ಅದರೊಳಗೆ ತೇವವಿದೆ, ಕತ್ತಲಿದೆ, ಎರಡೂ ಕಡೆಗೆ ಓಡಾಟವಿದೆ.

ಆದ್ದರಿಂದ ಮನೆಯನ್ನು ಪರೀಕ್ಷಿಸುವವರು ಹುಳವನ್ನು ಹುಡುಕುವುದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದಕ್ಕೆ ನೀರು ಎಲ್ಲಿಂದ? ಇದು ಬಂದ ದಾರಿ ಯಾವುದು? ಈ ಎರಡಕ್ಕೂ ಉತ್ತರ ಸಿಗುವ ಮೊದಲೇ ಡ್ರಿಲ್ ಹಿಡಿದು ನೆಲ ಕೊರೆಯಲು ಕೂರುವವರನ್ನು ನಾನು ಮನೆಯೊಳಗೆ ಬಿಡಲಾರೆ. ನಮ್ಮಲ್ಲಿ ಪರೀಕ್ಷೆಯೆಂದರೆ ಔಷಧಿ ಹೊಡೆಯುವುದಕ್ಕೆ ಮುಂಚೆ ಚದರಡಿ ಅಳೆಯುವುದು ಎಂಬಂತಾಗಿದೆ. ಬಂದವರು ಟೇಪು ಹಿಡಿದು ಅಳೆದು ರೇಟು ಹೇಳಿ ಹೋಗುತ್ತಾರೆ. ಮನೆಯಲ್ಲಿರುವ ಹುಳ ಯಾವುದೆಂದು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಯಾವುದೆಂದು ಕೇಳಲೇಬೇಕು. ಜಗತ್ತಿನಲ್ಲಿ ಸುಮಾರು 3,000 ಜಾತಿಯ ಗೆದ್ದಲುಗಳಿವೆ, ಭಾರತದಲ್ಲಿ ಸುಮಾರು 300. ಅವುಗಳಲ್ಲಿ ಮನೆಗೆ ಕೈಯಿಡುವವು ಕೆಲವೇ ಕೆಲವು. ಉಳಿದವು ಕಾಡಿನಲ್ಲಿ, ಹೊಲದಲ್ಲಿ ಬಿದ್ದ ಎಲೆ ಕಡ್ಡಿ ಸಗಣಿಯನ್ನು ಮತ್ತೆ ಮಣ್ಣಿಗೆ ಸೇರಿಸುವ ಕೆಲಸದಲ್ಲಿರುತ್ತವೆ. ಅವಿಲ್ಲದಿದ್ದರೆ ನಮ್ಮ ಒಣಭೂಮಿಯ ಮಣ್ಣಿಗೆ ಗಾಳಿಯೂ ಇಲ್ಲ, ನೀರಿಳಿಯುವ ದಾರಿಯೂ ಇಲ್ಲ. ವಂಶಾವಳಿ ನೋಡಿದರೆ ಗೆದ್ದಲು ಇರುವೆಯ ನೆಂಟನಲ್ಲ, ಜಿರಲೆಯ ನೆಂಟ. ಕೊಳೆತ ಮರ ತಿಂದು ಸಂಸಾರ ಮಾಡುವ ಕ್ರಿಪ್ಟೊಸೆರ್ಕಸ್ ಎಂಬ ಕಾಡುಜಿರಲೆಯ ಕರುಳಿನಲ್ಲೂ ಹಲವು ಗೆದ್ದಲುಗಳ ಕರುಳಿನಲ್ಲೂ ಒಂದೇ ಬಗೆಯ ಏಕಕೋಶಜೀವಿಗಳಿವೆ. ಮರವನ್ನು ಅರಗಿಸುವವರು ಅವರೇ. 1920ರ ದಶಕದಲ್ಲಿ ಅಮೆರಿಕದ ಎಲ್. ಆರ್. ಕ್ಲೀವ್‌ಲ್ಯಾಂಡ್ ಈ ಏಕಕೋಶಜೀವಿಗಳನ್ನು ಮಾತ್ರ ಕೊಂದು ಗೆದ್ದಲನ್ನು ಜೀವಂತ ಉಳಿಸುವ ಉಪಾಯ ಕಂಡುಹಿಡಿದ. ಆ ಗೆದ್ದಲುಗಳು ಎಂದಿನಂತೆ ಮರ ತಿನ್ನುತ್ತಲೇ ಹೋದವು, ತಿನ್ನುತ್ತಲೇ ಹಸಿವಿನಿಂದ ಸತ್ತವು.

ಕರ್ನಾಟಕದ ಬಯಲುಸೀಮೆಯಲ್ಲಿ, ಬೆಂಗಳೂರಿನ ಕೆಮ್ಮಣ್ಣಿನಲ್ಲಿ ನಾವು ಹೆಚ್ಚಾಗಿ ಕಾಣುವ ಒಡೊಂಟೋಟರ್ಮಿಸ್ ಕುಲದ ಗೆದ್ದಲುಗಳು ಬೇರೆಯೇ ದಾರಿ ಹಿಡಿದಿವೆ. ಅವುಗಳ ಹೊಟ್ಟೆಯಲ್ಲಿ ಆ ಏಕಕೋಶಜೀವಿಗಳಿಲ್ಲ. ಅವು ಬೇಸಾಯಗಾರರು. ತಿಂದ ಮರವನ್ನು ನೆಲದಡಿಯ ಗೂಡಿಗೆ ಒಯ್ದು, ಮಲದ ರೂಪದಲ್ಲಿ ಪೇರಿಸಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆ ಇದೇ ತೋಟದ ಬೆಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಿ ರೆನೀ ಬೋರ್ಜೆಸ್ ಅವರ ತಂಡ ಈ ಕುಲದ ಗೆದ್ದಲನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ತೋಟದಲ್ಲಿ ಕಳೆ ಶಿಲೀಂಧ್ರ ಹುಟ್ಟಿದರೆ ಗೆದ್ದಲುಗಳು ಅದನ್ನು ವಾಸನೆಯಿಂದಲೇ ಗುರುತಿಸಿ ಮಣ್ಣು ಮುಚ್ಚಿ ಹೂಳುತ್ತವೆ ಎಂದು ತೋರಿಸಿದವರು ಅವರು. ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿಯವರೊಡನೆ ಸೇರಿ 2017ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಗೆದ್ದಲು ಮಣ್ಣನ್ನು ಸಣ್ಣ ಸಣ್ಣ ಉಂಡೆ ಮಾಡಿ, ಸರಿಯಾದ ಹದದ ತೇವದಲ್ಲಿ ಜೋಡಿಸಿ ಕಟ್ಟುತ್ತದೆ, ಅದರ ಬಾಯಿ ಸೇರಿದ ಮಣ್ಣು ಬರೀ ಮಣ್ಣಿಗಿಂತ ಹತ್ತು ಪಟ್ಟು ಗಟ್ಟಿಯಾಗುತ್ತದೆ ಎಂದು ಕಂಡುಬಂತು. ಗೋಡೆಯ ಸುರಂಗವನ್ನು ಉಗುರಿನಿಂದ ಕೆರೆದಾಗ ಅದು ಮಣ್ಣಿನಂತೆ ಉದುರದೆ ಚಕ್ಕೆ ಚಕ್ಕೆಯಾಗಿ ಏಳುವ ಕಾರಣ ಇದೇ.

ಪರೀಕ್ಷೆ ಮಾಡುವವರಿಗೆ ಇದರಿಂದ ತಿಳಿಯುವುದು ಏನೆಂದರೆ, ಈ ಗೆದ್ದಲಿನ ಗೂಡು ಮನೆಯೊಳಗೆ ಇಲ್ಲ. ರಾಣಿ, ಮೊಟ್ಟೆ, ತೋಟ ಎಲ್ಲವೂ ನೆಲದಲ್ಲಿವೆ. ಮನೆಯೊಳಗಿರುವುದು ಬಂದು ಹೋಗುವ ಕೂಲಿಗಳು ಮಾತ್ರ. ಹಿತ್ತಿಲ ಹುತ್ತವನ್ನು ಒಡೆದರೆ ಮನೆ ಉಳಿಯಿತು ಎಂದು ಕೆಲವರು ತಿಳಿಯುತ್ತಾರೆ, ಅದೂ ತಪ್ಪು. ಮನೆಗೆ ಬರುವ ಎಷ್ಟೋ ಗೆದ್ದಲುಗಳು ಹುತ್ತ ಕಟ್ಟುವುದೇ ಇಲ್ಲ.

ಇನ್ನು ಕೊಪ್ಟೊಟರ್ಮಿಸ್ ಎಂಬ ಕುಲವಿದೆ, ನಮ್ಮ ಕಡೆ ಮುಖ್ಯವಾಗಿ ಕೊಪ್ಟೊಟರ್ಮಿಸ್ ಹೈಮಿ. ಇದೂ ನೆಲದಿಂದಲೇ ಬರುವುದು, ಆದರೆ ಗೋಡೆಯೊಳಗೆ ನೀರು ಒಸರುವ ಪೈಪೊಂದು ಸಿಕ್ಕಿದರೆ ಅಲ್ಲೇ ಅಗಿದ ಮರ ಮತ್ತು ಮಲದಿಂದ ಗೂಡು ಕಟ್ಟಿಕೊಂಡು ನೆಲದ ಸಂಬಂಧವನ್ನೇ ಕಡಿದುಕೊಳ್ಳಬಲ್ಲದು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಗೆದ್ದಲು ಕಂಡಾಗ ಈ ಸಾಧ್ಯತೆಯನ್ನು ಮರೆಯಬಾರದು. ಮೂರನೆಯದು ಒಣಮರದ ಗೆದ್ದಲು, ಕ್ರಿಪ್ಟೊಟರ್ಮಿಸ್. ಕರಾವಳಿಯ ಆರ್ದ್ರ ಹವೆ ಇದಕ್ಕೆ ಒಗ್ಗುತ್ತದೆ. ಇದಕ್ಕೆ ನೆಲವೂ ಬೇಡ, ಸುರಂಗವೂ ಬೇಡ. ಹಳೆಯ ಮನೆಯ ಒಂದು ಪಕಾಸಿಯಲ್ಲಿ, ಒಂದು ಕುರ್ಚಿಯ ಕಾಲಿನಲ್ಲಿ ಇಡೀ ಸಂಸಾರ ಹುಟ್ಟಿ ಬೆಳೆದು ಮುಗಿಯುತ್ತದೆ.

ಪರೀಕ್ಷೆ ಹೇಗಿರಬೇಕೆಂದು ಬೆಂಗಳೂರಿನ ಸ್ನೇಹಿತರೊಬ್ಬರ ಮನೆಯಲ್ಲಿ ನೋಡಿದ್ದೇನೆ. ಮೂವತ್ತು ನಲವತ್ತರ ಸೈಟು, ಸೈಜುಗಲ್ಲಿನ ಪಾಯ. ಬಂದವನು ಸುಮಾರು ಮೂವತ್ತರ ಯುವಕ. ಮನೆಯೊಳಗೆ ಕಾಲಿಡಲೇ ಇಲ್ಲ, ಮೊದಲು ಹೊರಗಿನಿಂದ ಒಂದು ಸುತ್ತು ಬಂದ. ಕಾಂಪೌಂಡಿಗೂ ಗೋಡೆಗೂ ನಡುವೆ ಮನೆ ಕಟ್ಟಿದಾಗ ಉಳಿದ ಸೆಂಟ್ರಿಂಗ್ ಹಲಗೆಗಳನ್ನು ಪೇರಿಸಿದ್ದರು. ಅವನ್ನು ಒಂದೊಂದಾಗಿ ಎತ್ತಿ ಅಡಿಭಾಗ ನೋಡಿದ. ಕೆಳಗಿನ ಹಲಗೆಗೆ ಹಸಿಮಣ್ಣು ಮೆತ್ತಿತ್ತು. ಗೋಡೆಗೆ ತಾಗಿಸಿ ಇಟ್ಟ ಹೂಕುಂಡಗಳನ್ನು ಸರಿಸಿದ. ಎ.ಸಿ.ಯ ನೀರು ತೊಟ್ಟಿಕ್ಕುವ ಜಾಗ, ಸಂಪಿನ ಅಂಚು, ಬಚ್ಚಲಿನ ಪೈಪು ಹೊರಬರುವ ಸಂದು ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿದ. ಗೆದ್ದಲಿಗೆ ಒಂದೆರಡು ಮಿಲಿಮೀಟರ್ ಸಂದು ಸಾಕು, ಮತ್ತು ಸೈಜುಗಲ್ಲಿನ ಪಾಯದಲ್ಲಿ ಅಂಥ ಸಂದುಗಳಿಗೆ ಬರವಿಲ್ಲ.

ಒಳಗೆ ಬಂದವನು ಮೊದಲು ಹೋದದ್ದು ಬಚ್ಚಲಿನ ಬಾಗಿಲಿಗೆ, ಆಮೇಲೆ ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟು ನಿಂತ ವಾರ್ಡ್‌ರೋಬಿಗೆ. “ಅಮ್ಮಾ, ಕೆಳಗಿನ ಖಾನೆ ಸ್ವಲ್ಪ ಖಾಲಿ ಮಾಡಿಕೊಡ್ತೀರಾ? ಗೋಡೆ ಕಡೆ ನೋಡ್ಬೇಕು” ಅಂದ. ಮನೆಯೊಡತಿ, “ಅಯ್ಯೋ, ಅಲ್ಲಿ ಏನೂ ಇಲ್ಲಪ್ಪ, ಹೋದ ವಾರ ಮಣ್ಣು ಕಟ್ಟಿತ್ತು, ನಾನೇ ಒರೆಸಿ ಸೀಮೆಎಣ್ಣೆ ಹಾಕಿದೀನಿ” ಅಂದರು. “ಒರೆಸಬಾರದಿತ್ತು ಅಮ್ಮಾ, ಅದೇ ನಮಗೆ ದಾರಿ ತೋರಿಸೋದು” ಎಂದು ಹೇಳಿ ಅವನು ಮಂಡಿಯೂರಿದ. ಸ್ಕರ್ಟಿಂಗಿನ ಮೇಲಂಚಿನಲ್ಲಿ ಅರ್ಧ ಸೆಂಟಿಮೀಟರ್ ಅಗಲದ ಕಂದು ಕಲೆ ಉಳಿದಿತ್ತು. ಅದರ ಜಾಡು ಹಿಡಿದು ಹಿಂದಿನ ಪ್ಲೈವುಡ್ಡನ್ನು ಒತ್ತಿದ, ಹಲಗೆ ತಗ್ಗಾಯಿತು. ಚಾಕುವಿನಿಂದ ಒಂದು ಬಿಲ್ಲೆ ಎಬ್ಬಿಸಿದಾಗ ಒಳಗೆ ಬಿಳಿ ಹುಳುಗಳು ಕತ್ತಲ ಕಡೆಗೆ ಓಡಿದವು. ಓಡದೆ ನಿಂತವು ಸೈನಿಕರು, ಹಳದಿ ತಲೆ, ಮುಂದಕ್ಕೆ ಚಾಚಿದ ದವಡೆ. ಅವನು ಕುಂಚದಿಂದ ಒಂದನ್ನು ಅಂಗೈಗೆ ತೆಗೆದುಕೊಂಡು ಉಗುರಿನಿಂದ ಕೆಣಕಿ ನಮಗೆ ತೋರಿಸಿದ. ಅದರ ಹಣೆಯಿಂದ ಹಾಲಿನ ಬಣ್ಣದ ಒಂದು ಹನಿ ಹೊರಬಂತು. ಕೊಪ್ಟೊಟರ್ಮಿಸ್ ಸೈನಿಕನ ಗುರುತು ಅದೇ. ಹಣೆಯಲ್ಲೊಂದು ರಂಧ್ರವಿದ್ದು ಇರುವೆಗಳ ಮೇಲೆ ಈ ಅಂಟುರಸವನ್ನು ಬಿಡುತ್ತದೆ. ಒಡೊಂಟೋಟರ್ಮಿಸ್ ಆಗಿದ್ದರೆ ಹಣೆಯ ಆ ಬಿಳಿ ಹನಿ ಇರುತ್ತಿರಲಿಲ್ಲ, ಬಾಯಿಂದ ಕಂದು ಎಂಜಲು ಬರುತ್ತಿತ್ತು.

ಆ ಒಂದು ಹನಿಯಿಂದ ಮುಂದಿನ ಹುಡುಕಾಟದ ದಿಕ್ಕೇ ಬದಲಾಯಿತು. ನೆಲದ ದಾರಿಯ ಜೊತೆಗೆ ಗೋಡೆಯೊಳಗೇ ಗೂಡಿರಬಹುದು ಎಂದಾಯಿತಲ್ಲ. ತೇವ ಅಳೆಯುವ ಮೀಟರಿನ ಎರಡು ಮುಳ್ಳುಗಳನ್ನು ಬಾಗಿಲಿನ ಮರಕ್ಕೆ ಚುಚ್ಚಿ ನೋಡುತ್ತ ಹೋದ. ತೇವ ಹೆಚ್ಚಿದಷ್ಟೂ ಮರದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಮೀಟರು ಅದನ್ನೇ ಶೇಕಡಾವಾರಿನಲ್ಲಿ ತೋರಿಸುತ್ತದೆ. ಒಣಗಿದ ಮರದಲ್ಲಿ ಸಾಮಾನ್ಯವಾಗಿ ಶೇ. 15ರೊಳಗೆ ಇರಬೇಕು. 20 ದಾಟಿದರೆ ಎಲ್ಲೋ ನೀರು ನುಗ್ಗುತ್ತಿದೆ ಎಂದರ್ಥ. ಬಚ್ಚಲಿನ ಚೌಕಟ್ಟಿನ ಬುಡದಲ್ಲಿ ಅದು 20ನ್ನು ಚೆನ್ನಾಗಿಯೇ ದಾಟಿತ್ತು. ಗೋಡೆಯೊಳಗಿನ ಪೈಪು ಒಸರುತ್ತಿತ್ತು. ಅದನ್ನು ರಿಪೇರಿ ಮಾಡದೆ ಎಷ್ಟು ಔಷಧಿ ಸುರಿದರೂ ಹಣ ದಂಡ, ಮೊದಲು ಪ್ಲಂಬರನ್ನು ಕರೆಸಿ ಎಂದು ಆತ ಹೇಳಿದಾಗ ನನಗೆ ಅವನ ಮೇಲೆ ಗೌರವ ಹೆಚ್ಚಿತು. ತನ್ನ ವ್ಯಾಪಾರವನ್ನು ಪಕ್ಕಕ್ಕಿಟ್ಟು ಹಾಗೆ ಹೇಳುವವರು ಅಪರೂಪ.

ಮರ ಟೊಳ್ಳಾಗಿದೆ ಎಂದರೆ ಗೆದ್ದಲೇ ಆಗಬೇಕೆಂದೇನೂ ಇಲ್ಲ. ಮರದ ಕೆಳಗೆ ಬೀಳುವ ಕಸವನ್ನು ಬಿಳಿ ಕಾಗದದ ಮೇಲೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮೈದಾದಷ್ಟು ನಯವಾದ ಪುಡಿ, ಮರದಲ್ಲಿ ದುಂಡನೆಯ ಚಿಕ್ಕ ತೂತು ಇದ್ದರೆ ಅದು ಕುಟ್ಟೆ, ಅಂದರೆ ದುಂಬಿ ಜಾತಿಯ ಹುಳ. ಗಸಗಸೆಯಂಥ ಕಾಳುಗಳು ಚೆಲ್ಲಿದ್ದು, ಪ್ರತಿಯೊಂದಕ್ಕೂ ಆರು ಮುಖಗಳಿದ್ದರೆ ಒಣಮರದ ಗೆದ್ದಲು. ಈ ಆರು ಮುಖಗಳ ಹಿಂದೆ ದೊಡ್ಡ ಶರೀರಶಾಸ್ತ್ರವಿದೆ. ಒಣಮರದಲ್ಲಿ ಬದುಕುವ ಈ ಹುಳಕ್ಕೆ ಒಂದೊಂದು ಹನಿ ನೀರೂ ಅಮೂಲ್ಯ. ಹೊರಹೋಗುವ ಮಲದಿಂದಲೂ ನೀರನ್ನು ಹಿಂಡಿ ಮೈಗೆ ಸೇರಿಸಿಕೊಳ್ಳಲು ಅದರ ಗುದನಾಳದಲ್ಲಿ ಆರು ದಿಂಬುಗಳಿವೆ. ಅವುಗಳ ಒತ್ತಿನ ಗುರುತು ಒಣಗಿದ ಕಾಳಿನ ಮೇಲೆ ಉಳಿಯುತ್ತದೆ. ತೇವದ ನೆಲದಲ್ಲಿರುವ ಗೆದ್ದಲಿಗೆ ಆ ಬಡತನವಿಲ್ಲ. ಅದರ ಮಲ ತೆಳುವಾಗಿರುತ್ತದೆ, ಸುರಂಗಕ್ಕೆ ಗಾರೆಯಾಗಿ ಹೋಗುತ್ತದೆ, ಕಾಳು ಬೀಳುವುದೇ ಇಲ್ಲ.

ಮಣ್ಣು, ಕಾಳು, ಪುಡಿ ಇವುಗಳ ಅಂತರ ತಿಳಿಯದೆ ಎಷ್ಟೊಂದು ವಿಷ ನಮ್ಮ ನೆಲ ಸೇರುತ್ತಿದೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಎಂಬ ಮಾನಕದ ಮೂರನೇ ಭಾಗ ಕಟ್ಟಿ ಮುಗಿದ ಮನೆಗಳಿಗೆ ಗೆದ್ದಲು ಔಷಧಿ ಹಾಕುವ ವಿಧಾನವನ್ನು ಹೇಳುತ್ತದೆ. ನೆಲ ಮತ್ತು ಗೋಡೆ ಕೂಡುವ ಅಂಚಿನಲ್ಲಿ ಸುಮಾರು 300 ಮಿಲಿಮೀಟರಿಗೊಂದರಂತೆ 12 ಮಿಲಿಮೀಟರಿನ ತೂತು ಕೊರೆದು ಪ್ರತಿ ತೂತಿಗೂ ಹೆಚ್ಚೆಂದರೆ ಒಂದು ಲೀಟರ್ ದ್ರಾವಣ ಇಳಿಸಬೇಕು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಒಂದು ಕೋಣೆಯ ಸುತ್ತಳತೆ 14 ಮೀಟರ್, ಅಂದರೆ 45ರ ಆಸುಪಾಸು ತೂತು, ಅಷ್ಟೇ ಲೀಟರ್ ದ್ರಾವಣ. ಮನೆಯಲ್ಲಿರುವುದು ಒಣಮರದ ಗೆದ್ದಲೋ ಕುಟ್ಟೆಯೋ ಆಗಿದ್ದರೆ ಇದರಲ್ಲಿ ಒಂದು ಹನಿಯೂ ಆ ಹುಳಕ್ಕೆ ಮುಟ್ಟುವುದಿಲ್ಲ. ಅವಕ್ಕೆ ಬೇಕಾದದ್ದು ಆ ಮರಕ್ಕೇ ಮಾಡುವ ಉಪಚಾರ, ಇಲ್ಲವೇ ಆ ಮರವನ್ನೇ ತೆಗೆದು ಹಾಕುವುದು.

ಹೊಸ ಉಪಕರಣಗಳ ಬಗ್ಗೆ ಈಗ ಬಹಳ ಕೇಳುತ್ತೇವೆ. ಥರ್ಮಲ್ ಕ್ಯಾಮೆರಾ ತಂದು ಗೋಡೆಯೊಳಗಿನ ಗೆದ್ದಲನ್ನು ತೋರಿಸುತ್ತೇವೆ ಎನ್ನುವವರಿದ್ದಾರೆ. ಆ ಕ್ಯಾಮೆರಾ ತೋರಿಸುವುದು ಗೋಡೆಯ ಮೇಲ್ಮೈಯ ಉಷ್ಣತೆಯನ್ನು. ಒದ್ದೆ ಗೋಡೆಯಿಂದ ನೀರು ಆವಿಯಾಗುವಾಗ ಆ ಭಾಗ ತಣ್ಣಗಾಗುತ್ತದೆ, ಪರದೆಯ ಮೇಲೆ ನೀಲಿ ಮಚ್ಚೆಯಾಗಿ ಕಾಣುತ್ತದೆ. ಅದು ತೇವದ ಸುಳಿವು, ಗೆದ್ದಲಿನ ಪುರಾವೆಯಲ್ಲ. ಶಬ್ದ ಹಿಡಿಯುವ ಉಪಕರಣ ಇದಕ್ಕಿಂತ ನೇರ. ಮರದ ನಾರು ಹರಿಯುವಾಗ ನಮ್ಮ ಕಿವಿಗೆ ಕೇಳದ ಎತ್ತರದ ಕಂಪನ ಏಳುತ್ತದೆ. ಆ ಮಟ್ಟದಲ್ಲಿ ರಸ್ತೆಯ ಗದ್ದಲ ಕಡಿಮೆ, ಹಾಗಾಗಿ ಹುಳ ಅಗಿಯುವ ಸದ್ದನ್ನು ಬೇರ್ಪಡಿಸಬಹುದು. ಆದರೆ ಸಂವೇದಕ ಮರಕ್ಕೆ ಅಂಟಿರಬೇಕು, ಹುಳ ಅದರ ಹತ್ತಿರವೇ ತಿನ್ನುತ್ತಿರಬೇಕು.

ಗೆದ್ದಲುಗಳು ಸ್ವತಃ ಈ ಕಂಪನಗಳನ್ನು ಓದುತ್ತವೆ ಎನ್ನುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಸಂಗತಿ. ಥಿಯೋಡೋರ್ ಇವಾನ್ಸ್ ಮತ್ತು ಸಂಗಡಿಗರು 2005ರಲ್ಲಿ ಒಣಮರದ ಒಂದು ಜಾತಿಯ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ತಾವು ಕೂತ ಮರದ ತುಂಡು ದೊಡ್ಡದೋ ಚಿಕ್ಕದೋ ಎಂಬುದನ್ನು ಗೆದ್ದಲುಗಳು ಅಗಿಯುವಾಗಿನ ಕಂಪನದಿಂದಲೇ ಅಳೆಯುತ್ತವೆ ಎಂದು ಗೊತ್ತಾಯಿತು. ಒಂದು ಗಾತ್ರದ ಮರದಲ್ಲಿ ದಾಖಲಿಸಿದ ಕಂಪನವನ್ನು ಇನ್ನೊಂದು ಗಾತ್ರದ ಮರದಲ್ಲಿ ನುಡಿಸಿದಾಗ ಅವುಗಳ ನಡವಳಿಕೆಯೂ ಬದಲಾಯಿತು. ಆಫ್ರಿಕಾದ ಮ್ಯಾಕ್ರೋಟರ್ಮಿಸ್ ಸೈನಿಕರು ಅಪಾಯ ಕಂಡಾಗ ಸೆಕೆಂಡಿಗೆ ಸುಮಾರು 11 ಬಾರಿ ತಲೆಯನ್ನು ನೆಲಕ್ಕೆ ಬಡಿದು ಸುದ್ದಿ ಮುಟ್ಟಿಸುತ್ತಾರೆ, ದೂರದ ಸೈನಿಕರು ಅದನ್ನು ಕೇಳಿ ತಾವೂ ಬಡಿಯುತ್ತಾರೆ.

ಇಷ್ಟೆಲ್ಲ ಉಪಕರಣಗಳಿಗಿಂತ ಅಗ್ಗದ, ನಂಬಲರ್ಹ ಪರೀಕ್ಷೆಯೊಂದನ್ನು ಯಾರು ಬೇಕಾದರೂ ಮಾಡಬಹುದು. ಸುರಂಗ ಕಂಡರೆ ಪೂರ್ತಿ ಕೆರೆಯಬೇಡಿ. ನಡುವೆ ಎರಡು ಬೆರಳಿನಷ್ಟನ್ನು ಮಾತ್ರ ಒಡೆದು, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು ಬಿಡಿ. ಒಂದೆರಡು ದಿನದಲ್ಲಿ ಹಸಿಮಣ್ಣು ಮೆತ್ತಿ ಮುಚ್ಚಿದ್ದರೆ ಓಡಾಟ ನಡೆಯುತ್ತಿದೆ. ಮುಚ್ಚದಿದ್ದರೆ ಆ ದಾರಿಯನ್ನು ಬಿಟ್ಟಿರಬಹುದು, ಬೇರೆ ದಾರಿ ಹಿಡಿದಿರಲೂಬಹುದು, ಹಾಗಾಗಿ ಖಾಲಿ ಸುರಂಗ ಕಂಡು ನಿಶ್ಚಿಂತರಾಗುವಂತಿಲ್ಲ.

ಮುಂಗಾರಿನ ಮೊದಲ ಒಳ್ಳೆಯ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಮಳೆಹುಳುಗಳು ಇದೇ ಗೆದ್ದಲಿನ ರಾಜಕುಮಾರ, ರಾಜಕುಮಾರಿಯರು. ಬೆಳಗ್ಗೆ ಕಿಟಕಿಯ ಕೆಳಗೆ ರೆಕ್ಕೆಗಳ ರಾಶಿ ಸಿಕ್ಕಿದರೆ ಗುಡಿಸುವ ಮೊದಲು ಒಂದನ್ನು ನೋಡಿ. ನಾಲ್ಕೂ ರೆಕ್ಕೆಗಳು ಒಂದೇ ಅಳತೆಯಾದರೆ ಗೆದ್ದಲು, ಮುಂದಿನವು ದೊಡ್ಡವು ಹಿಂದಿನವು ಚಿಕ್ಕವಾದರೆ ಇರುವೆ. ಕಿಟಕಿ ತೆರೆದಿದ್ದರೆ ಅವು ಹೊರಗಿನಿಂದ ಬಂದವು, ಅದಕ್ಕೆ ಹೆದರಬೇಕಿಲ್ಲ. ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದ ಕೋಣೆಯಲ್ಲಿ ರೆಕ್ಕೆ ಸಿಕ್ಕಿದರೆ ಮಾತ್ರ ಅವು ಗೋಡೆಯಿಂದಲೋ ನೆಲದಿಂದಲೋ ಎದ್ದವು. ರೆಕ್ಕೆಯ ಪೀಳಿಗೆಯನ್ನು ಕಳುಹಿಸುವ ಮಟ್ಟಕ್ಕೆ ಒಂದು ಸಂಸಾರ ಬೆಳೆಯಲು ವರ್ಷಗಳೇ ಬೇಕು, ಅಂದರೆ ಅದು ನಿಮ್ಮೊಡನೆ ಬಹುಕಾಲದಿಂದ ವಾಸವಾಗಿದೆ.

ಮರದ ಆಯ್ಕೆಯ ಬಗ್ಗೆ ಒಂದು ಮಾತು. ತೇಗಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂಬ ನಂಬಿಕೆ ಅರ್ಧ ನಿಜ. ತೇಗದ ಕೆಚ್ಚಿನಲ್ಲಿ ಟೆಕ್ಟೊಕ್ವಿನೋನ್ ಮುಂತಾದ ರಾಸಾಯನಿಕಗಳಿವೆ, ಗೆದ್ದಲು ಅದನ್ನು ದೂರವಿಡುತ್ತದೆ. ಕೆಚ್ಚಿನ ಸುತ್ತಲಿನ ಬಿಳಿ ಭಾಗದಲ್ಲಿ ಆ ರಕ್ಷಣೆ ಇಲ್ಲ. ಎಳೆಯ ಮರ ಕಡಿದು ಮಾಡಿದ ಚೌಕಟ್ಟಿನಲ್ಲಿ ಬಿಳಿ ಭಾಗವೇ ಹೆಚ್ಚು, ಮೇಲೆ ಪಾಲಿಷ್ ಬಿದ್ದ ಮೇಲೆ ಎರಡೂ ಒಂದೇ. ಮರದ ಬಾಳಿಕೆ ತಿಳಿಯಲು ವಿಜ್ಞಾನಿಗಳು ಗೂಟಗಳನ್ನು ಅರ್ಧ ನೆಲದಲ್ಲಿ ಹೂತು ವರ್ಷಗಟ್ಟಲೆ ಗೆದ್ದಲಿಗೆ ಒಡ್ಡುತ್ತಾರೆ. ಈ ಪರೀಕ್ಷೆಗೆ ಸ್ಮಶಾನ ಪರೀಕ್ಷೆಯೆಂದೇ ಹೆಸರು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ಕೆಲಸ ಮಾಡುತ್ತ ಬಂದಿದೆ.

ಅಮೆರಿಕದ ಅನೇಕ ಕಡೆ ಮನೆ ಮಾರುವಾಗ ಗೆದ್ದಲು ಪರೀಕ್ಷೆಯ ವರದಿಯನ್ನು ಸಾಲ ಕೊಡುವವರೇ ಕೇಳುತ್ತಾರೆ. ಅಲ್ಲಿ ಮನೆ ಕೊಂಡ ಕನ್ನಡಿಗರಿಗೆ ಇದು ಪರಿಚಿತ. ಆ ವರದಿಯಲ್ಲಿ ಕಂಡದ್ದು ಯಾವುದು, ನೋಡಲು ಆಗದ ಜಾಗ ಯಾವುದು ಎರಡನ್ನೂ ಬರೆದಿರುತ್ತಾರೆ. ನಮ್ಮಲ್ಲಿ ಹಳೆಯ ಮನೆ ಕೊಳ್ಳುವವರು ಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ, ಜಂತೆಯನ್ನು ಯಾರಿಗೂ ತೋರಿಸುವುದಿಲ್ಲ. ಪರೀಕ್ಷಿಸಿದವರಿಂದ ಮನೆಯ ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳಿ. ಹುಳದ ಹೆಸರು, ಕಂಡ ಕುರುಹು, ತೇವದ ಮೂಲ, ಮಂಚ ಬೀರು ಅಡ್ಡವಿದ್ದು ನೋಡಲಾಗದ ಗೋಡೆಗಳು ಎಲ್ಲವೂ ಅದರಲ್ಲಿರಲಿ. ಹಾಕಲಿರುವ ಔಷಧಿ ಯಾವುದೆಂದೂ ಕೇಳಿ. ಬೈಫೆಂಥ್ರಿನ್ ಗೆದ್ದಲನ್ನು ಹಿಂದಕ್ಕೆ ಅಟ್ಟುತ್ತದೆ, ತಡೆಯಲ್ಲಿ ಎಲ್ಲಾದರೂ ಸಂದು ಬಿಟ್ಟಿದ್ದರೆ ಅದು ಅಲ್ಲಿಂದಲೇ ನುಸುಳುತ್ತದೆ. ಇಮಿಡಾಕ್ಲೋಪ್ರಿಡ್ ಇರುವುದು ಅದಕ್ಕೆ ತಿಳಿಯುವುದೇ ಇಲ್ಲ, ಮೈಗೆ ಹತ್ತಿಸಿಕೊಂಡು ಹೋಗಿ ಪರಸ್ಪರ ನೆಕ್ಕುವಾಗ ಇತರರಿಗೂ ದಾಟಿಸುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಅಂಗಳದಲ್ಲೇ ತೆರೆದ ಬಾವಿಯಿದ್ದರೆ ಪರೀಕ್ಷೆ ಬಾವಿಯಿಂದ ಶುರುವಾಗಲಿ, ನೆಲಕ್ಕೆ ಹಾಕಿದ ಔಷಧಿ ಅದಕ್ಕೂ ಇಳಿಯಬಹುದಲ್ಲ. ಗೋಡೆಗೂ ಬಾವಿಗೂ ಎಷ್ಟು ದೂರ, ನೆಲ ಯಾವ ಕಡೆ ಇಳಿಜಾರು, ಮಳೆಗಾಲದಲ್ಲಿ ನೀರು ಎಷ್ಟು ಮೇಲೆ ಬರುತ್ತದೆ ಎಂಬುದನ್ನು ಬರೆಯದ ವರದಿಗೆ ಸಹಿ ಹಾಕಬೇಡಿ. ಒಂದು ಕಾಲಕ್ಕೆ ಗೆದ್ದಲಿಗೆಂದು ಧಾರಾಳವಾಗಿ ಸುರಿಯುತ್ತಿದ್ದ ಆಲ್ಡ್ರಿನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಜೀವಿಗಳ ಕೊಬ್ಬಿಗೆ ಸೇರುತ್ತದೆಂದು ಗೊತ್ತಾದ ಮೇಲೆ ಅದನ್ನು ನಿಷೇಧಿಸಲಾಯಿತು. ಇಂದಿನ ಔಷಧಿಗಳು ಅಷ್ಟು ಕಾಲ ಉಳಿಯುವುದಿಲ್ಲ, ಆದರೆ ಬಾವಿಯ ನೀರಿಗೆ ಇಳಿಯಬಾರದ ವಸ್ತುಗಳೇ ಅವೂ. ಬಾವಿ ಹತ್ತಿರವಿದ್ದರೆ ಆ ಬದಿಯಲ್ಲಿ ನೆಲಕ್ಕೆ ದ್ರಾವಣ ಇಳಿಸುವುದನ್ನು ಬಿಟ್ಟು, ಹಲಗೆ ಸೌದೆಗಳನ್ನು ಗೋಡೆಯಿಂದ ದೂರ ಸರಿಸಿ, ಒಸರು ನಿಲ್ಲಿಸಿ, ಕೆಟ್ಟ ಮರ ಬದಲಿಸಿ, ಸುರಂಗ ಏಳುವ ಸಂದುಗಳನ್ನು ಮುಚ್ಚಬೇಕು. ಆಮೇಲೆ ಮೊದಲ ಮಳೆ ಬಿದ್ದ ವಾರದಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಟಾರ್ಚ್ ಹಿಡಿದು ಅದೇ ನಕ್ಷೆಯ ಪ್ರಕಾರ ಮತ್ತೆ ನೋಡಿಬರಬೇಕು.